ನರವಿಷಕ್ಕೆ ಮದ್ದು ಹುಡುಕುವ ಗ್ವಾಲಿಯರ್

ರಾಸಾಯನಿಕ ಮತ್ತು ಜೈವಿಕ ಅಸ್ತ್ರಗಳಿಂದ ಜನರನ್ನು ಕಾಪಾಡುವ ಸಂಶೋಧನೆಗೆ ಭಾರತದಲ್ಲಿ ಮುಖ್ಯ ನೆಲೆ ಮಧ್ಯಪ್ರದೇಶದ ಗ್ವಾಲಿಯರ್. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ ಸೇರಿದ ಅಲ್ಲಿನ ಪ್ರಯೋಗಾಲಯ ಡಿಆರ್‌ಡಿಇ ಎಂದು ಪರಿಚಿತ.

ಅದರ ಮುಂದಿರುವ ಕಠಿಣ ಸವಾಲು ನರವಿಷ. 1936ರಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರೇಡರ್ ಹೊಸ ಕೀಟನಾಶಕ ಹುಡುಕುತ್ತಿದ್ದಾಗ ಸಿಕ್ಕ ಟಾಬುನ್ ಈ ಗುಂಪಿನಲ್ಲಿ ಮೊದಲನೆಯದು. ನರವು ಸ್ನಾಯುವಿಗೆ ಸಂದೇಶ ಮುಟ್ಟಿಸಲು ಅಸಿಟೈಲ್‌ಕೋಲಿನ್ ಎಂಬ ದ್ರವ್ಯವನ್ನು ಬಿಡುತ್ತದೆ. ಕೆಲಸ ಮುಗಿದೊಡನೆ ಅದನ್ನು ಒಡೆಯಲು ಒಂದು ಕಿಣ್ವವಿದೆ. ನರವಿಷ ಅಂಟಿಕೊಳ್ಳುವುದು ಆ ಕಿಣ್ವಕ್ಕೇ. ಆಮೇಲೆ ಸಂದೇಶಕ್ಕೆ ತಡೆಯೇ ಇರುವುದಿಲ್ಲ: ಕಣ್ಣಿನ ಪಾಪೆ ಕಿರಿದಾಗುತ್ತದೆ, ಜೊಲ್ಲು ಸುರಿಯುತ್ತದೆ, ಶ್ವಾಸನಾಳದಲ್ಲಿ ದ್ರವ ತುಂಬುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಅಟ್ರೋಪಿನ್ ಈ ಅತಿರೇಕವನ್ನು ತಗ್ಗಿಸುತ್ತದೆ. ಪ್ಯಾಮ್ ಎಂಬ ಔಷಧ ಕಿಣ್ವದಿಂದ ವಿಷವನ್ನು ಬಿಡಿಸುತ್ತದೆ. ತಡವಾದರೆ ಮಾತ್ರ ಆ ಅಂಟು ಬಿಡಿಸಲಾಗದಷ್ಟು ಗಟ್ಟಿಯಾಗಿಬಿಡುತ್ತದೆ. ವೈದ್ಯರ ದಾರಿ ಕಾಯುವಷ್ಟು ಸಮಯ ಸೈನಿಕನಿಗಿಲ್ಲ. ಆದ್ದರಿಂದಲೇ ಡಿಆರ್‌ಡಿಇ, ಸಮವಸ್ತ್ರದ ಮೇಲಿಂದಲೇ ತೊಡೆಗೆ ಒತ್ತಿಕೊಳ್ಳಬಹುದಾದ ಸ್ವಯಂಚಾಲಿತ ಚುಚ್ಚುಮದ್ದನ್ನು ರೂಪಿಸಿತು. ಬೆಳೆಗೆ ಹೊಡೆಯುವ ಆರ್ಗನೊಫಾಸ್ಫೇಟ್ ಔಷಧಿ ಮೈ ಸೇರಿ ಆಸ್ಪತ್ರೆಗೆ ಬರುವ ಕರ್ನಾಟಕದ ರೈತರನ್ನು ಉಳಿಸುವುದೂ ಇದೇ ಅಟ್ರೋಪಿನ್. ಯುದ್ಧದ ವಿಷವೂ ಹೊಲದ ವಿಷವೂ ಒಂದೇ ಕುಲದವು. ಈ ಸಂಶೋಧನೆ ಗಡಿಗಷ್ಟೇ ಸಂಬಂಧಿಸಿದ್ದೆಂದು ಭಾವಿಸುವುದು ಸರಿಯಲ್ಲ.

ಇನ್ನೊಂದು ರಾಸಾಯನಿಕ ಅಸ್ತ್ರವಾದ ಮಸ್ಟರ್ಡ್ ಅನಿಲಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಬೊಬ್ಬೆ ಏಳುವ ಹೊತ್ತಿಗೆ ಕೆಲವು ಗಂಟೆಗಳೇ ಕಳೆದಿರುತ್ತವೆ. ಮೈ ಮುಚ್ಚಿಕೊಳ್ಳುವುದೇ ಮುಖ್ಯ ದಾರಿ. ವಿಷವನ್ನು ಹೀರಿ ಹಿಡಿಯುವ ಸಕ್ರಿಯ ಇಂಗಾಲದ ಪದರವಿರುವ ಉಡುಪು ಅದಕ್ಕಾಗಿ. ಉತ್ತರ ಭಾರತದ ಬೇಸಿಗೆಯಲ್ಲಿ ಅದನ್ನು ತೊಟ್ಟು ದುಡಿಯುವುದು ಸುಲಭವಲ್ಲ. ಮೈ ಬೆವರಿಗೆ ದಾರಿ ಬಿಟ್ಟು ವಿಷವನ್ನು ತಡೆಯುವ ಬಟ್ಟೆ ಬೇಕು.

ರೋಗಾಣುಗಳ ವಿಷಯದಲ್ಲಿ ಕಷ್ಟ ಬೇರೆ. ಹಬ್ಬುತ್ತಿರುವುದು ಸಹಜ ಸಾಂಕ್ರಾಮಿಕವೋ, ಯಾರಾದರೂ ಹರಡಿದ್ದೋ ಎಂಬುದು ರೋಗಿಯನ್ನು ನೋಡಿದರೆ ತಿಳಿಯದು. ರೋಗಾಣುವಿನ ವಂಶವಾಹಿಯನ್ನು ಓದಬೇಕು. ಕರ್ನಾಟಕವನ್ನೂ ಹಣ್ಣು ಮಾಡಿದ 2006ರ ಚಿಕೂನ್‌ಗುನ್ಯಾ ವೇಳೆ, ವೈರಸ್ಸು ಭಾರತದಲ್ಲಿ ಹಿಂದೆ ಕಂಡಿದ್ದ ಏಷ್ಯಾದ ಬಗೆಯಲ್ಲ, ಆಫ್ರಿಕಾ ಮೂಲದ್ದು ಎಂದು ಗ್ವಾಲಿಯರ್‌ನ ವಿಜ್ಞಾನಿಗಳು ಗುರುತಿಸಿದ್ದರು. ಸೊಳ್ಳೆ ಓಡಿಸುವ ಡೆಪಾ ಲೇಪನವೂ ಅಲ್ಲಿಯದೇ.

1997ರಲ್ಲಿ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದ ಜಾರಿಗೆ ಬಂದಾಗ ಭಾರತ ತನ್ನ ದಾಸ್ತಾನನ್ನು ಘೋಷಿಸಿ, 2009ರೊಳಗೆ ಪೂರ್ತಿ ನಾಶಮಾಡಿತು. ರಕ್ಷಣೆಗಾಗಿ ನಡೆಸುವ ಸಂಶೋಧನೆಗೆ ಒಪ್ಪಂದದಲ್ಲೇ ಅವಕಾಶವಿದೆ.