ಹಕ್ಕಿಯೋ, ಅಡುಗೆ ಪಾತ್ರೆಯೋ?

ಆಮದಾಗುವ ಸರಕು ಯಾವ ತೆರಿಗೆ ಪಟ್ಟಿಗೆ ಸೇರಬೇಕೆಂದು ಹೇಳುವ ಸಾಫ್ಟ್‌ವೇರ್ ಬರೆಯುವುದು ಪುಣೆಯಲ್ಲಿ ನನ್ನ ಕೆಲಸ. ಪಟ್ಟಿಯಲ್ಲಿ ಇಲ್ಲದ್ದು ಜಗತ್ತಿನಲ್ಲೂ ಇಲ್ಲ ಅಂದುಕೊಂಡೇ ನಾವು ಕೋಡ್ ಬರೆಯುತ್ತೇವೆ. ಹಾಗಾಗಿ ಬ್ರಾಂಕುಸಿಯ ಹಕ್ಕಿಯ ಕಥೆ ಓದಿದಾಗ ನಗು ಬಂತು, ತುಸು ನಾಚಿಕೆಯೂ ಆಯಿತು.

ರುಮೇನಿಯಾದಿಂದ ಪ್ಯಾರಿಸ್‌ಗೆ ಬಂದ ಶಿಲ್ಪಿ ಕಾನ್‌ಸ್ಟಂಟಿನ್ ಬ್ರಾಂಕುಸಿ 1910ರ ಸುಮಾರಿಗೆ ಮಾಡಿದ ಹಕ್ಕಿಗೆ ಕೊಕ್ಕು, ಕುತ್ತಿಗೆ, ಕಾಲು ಎಲ್ಲ ಇದ್ದವು. ಮುಂದೆ ವರ್ಷಗಟ್ಟಲೆ ಒಂದೊಂದನ್ನೇ ಕಳೆಯುತ್ತ ಹೋದ. ಕೊನೆಗೆ ಉಳಿದದ್ದು ನಡುವೆ ತುಸು ಉಬ್ಬಿ ಮೇಲಕ್ಕೆ ಚಿಮ್ಮುವ, ಹೊಳೆಯುವ ಕಂಚಿನ ನೀಳ ಆಕಾರ. ಹೆಸರು ‘ಬರ್ಡ್ ಇನ್ ಸ್ಪೇಸ್’. ಹಕ್ಕಿ ಹೋಗಿ ಹಾರಾಟವಷ್ಟೇ ಉಳಿಯಿತು.

1926ರಲ್ಲಿ ಅದು ನ್ಯೂಯಾರ್ಕ್ ತಲುಪಿತು. ಕಲಾಕೃತಿಗೆ ಸುಂಕವಿರಲಿಲ್ಲ. ಆದರೆ ಸುಂಕದವರು ಅದನ್ನು ಅಡುಗೆಮನೆ ಪಾತ್ರೆ, ಆಸ್ಪತ್ರೆ ಸಾಮಗ್ರಿಗಳ ಸಾಲಿಗೆ ಸೇರಿಸಿ ಶೇ 40ರಷ್ಟು ಸುಂಕ ಜಡಿದರು. ಅವರನ್ನು ಬೈಯಲು ನನಗೆ ಬಾಯಿಲ್ಲ. ಶಿಲ್ಪವೆಂದರೆ ಪ್ರಕೃತಿಯಲ್ಲಿರುವ ವಸ್ತುವಿನ ಅನುಕರಣೆ ಎಂದು 1916ರ ತೀರ್ಪೊಂದು ಹೇಳಿತ್ತು. ಅವರ ಕೈಯಲ್ಲಿದ್ದ ನಿಯಮ ಅದು.

ಬ್ರಾಂಕುಸಿ ನ್ಯಾಯಾಲಯಕ್ಕೆ ಹೋದ. ಇದನ್ನು ಕಾಡಿನಲ್ಲಿ ಕಂಡರೆ ಹಕ್ಕಿಯೆಂದು ಗುಂಡು ಹೊಡೆಯುತ್ತೀರಾ ಎಂದು ಶಿಲ್ಪವನ್ನು ಕೊಂಡಿದ್ದ ಛಾಯಾಗ್ರಾಹಕ ಎಡ್ವರ್ಡ್ ಸ್ಟೈಕನ್‌ನನ್ನು ಕೇಳಿದರು. ಇಲ್ಲ ಅಂದ, ಪಾಪ. 1928ರ ನವೆಂಬರ್‌ನಲ್ಲಿ ತೀರ್ಪು ಶಿಲ್ಪಿಯ ಪರವಾಗಿ ಬಂತು. ವಸ್ತುವಿನ ಬದಲು ಅಮೂರ್ತ ಭಾವವನ್ನು ತೋರಿಸುವ ಹೊಸ ಪಂಥ ಹುಟ್ಟಿದೆ. ನಮಗೆ ಹಿಡಿಸಲಿ, ಬಿಡಲಿ, ಅದು ಇದೆ ಎಂಬುದನ್ನು ಒಪ್ಪಬೇಕು ಎಂಬುದು ಅದರ ಸಾರ.

ಕಣ್ಣು ಮೂಗಿಲ್ಲದ ಲಿಂಗಕ್ಕೆ, ಕುಂಕುಮ ಬಳಿದ ಗುಂಡುಕಲ್ಲಿಗೆ ಕೈಮುಗಿದು ಬೆಳೆದವನು ನಾನು. ಎರಡೂ ಒಂದೇ ಎನ್ನುತ್ತಿಲ್ಲ. ಆದರೂ ಗ್ಯಾಲರಿಯಲ್ಲಿ ಇಂಥ ಶಿಲ್ಪದೆದುರು ನಿಂತರೆ ನನ್ನ ಮೊದಲ ಪ್ರಶ್ನೆ, ‘ಇದೇನಿದು?’

ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ ಹಾಗೆ ಕೇಳಲಿಲ್ಲ. 1930ರ ದಶಕದಲ್ಲಿ ಕಂಚು, ಕರಿ ಅಮೃತಶಿಲೆ, ಬಿಳಿ ಅಮೃತಶಿಲೆಯ ಮೂರು ಹಕ್ಕಿ ಕೊಂಡ. ಅವುಗಳಿಗೊಂದು ಮಂದಿರ ಕಟ್ಟಿಸಲು ಬ್ರಾಂಕುಸಿಯನ್ನು ಇಂದೋರಿಗೇ ಕರೆಸಿಕೊಂಡ. ಮಂದಿರ ಏಳಲಿಲ್ಲ. ಅಮೃತಶಿಲೆಯ ಎರಡೂ ಹಕ್ಕಿಗಳು ಈಗ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿವೆ. ನೆನೆದರೆ ಹೊಟ್ಟೆ ಉರಿಯುತ್ತದೆ.

ಇಂದಿನ ಸುಂಕ ಪಟ್ಟಿಯಲ್ಲಿ ಮೂಲ ಶಿಲ್ಪಕ್ಕೆ 9703 ಎಂಬ ಸಂಖ್ಯೆಯಿದೆ, ಯಾವ ವಸ್ತುವಿನದಾದರೂ ಸರಿ. ಮೊನ್ನೆ ಕುತೂಹಲಕ್ಕೆ ನಮ್ಮ ಸಾಫ್ಟ್‌ವೇರ್‌ಗೆ ‘ಕಂಚು, ನೀಳ, ಹೊಳಪು ಕೊಟ್ಟದ್ದು’ ಎಂದು ವಿವರ ಕೊಟ್ಟೆ. ತಾಮ್ರದ ಗೃಹೋಪಯೋಗಿ ವಸ್ತು ಎಂದಿತು. ಸರಿಪಡಿಸಬೇಕೆಂದು ನಾನೇ ಟಿಕೆಟ್ ತೆರೆದಿದ್ದೇನೆ. ಏನು ಸೇರಿಸಬೇಕೆಂದು ಇನ್ನೂ ಹೊಳೆದಿಲ್ಲ.