ಚಡಚಣದ ಅಂಗಳಕ್ಕೆ ಸ್ಪ್ರೂಸ್?

ಮನೆ ಮುಂದೆ ಕ್ರಿಸ್‌ಮಸ್ ಗಿಡ ಹಚ್ಚಬೇಕು ಅಂತ ಚಡಚಣದ ಗೆಳೆಯರು ಆಗಾಗ ಕೇಳತಾರ. ಬೆಂಗಳೂರಿನ ನರ್ಸರಿಗಳಲ್ಲಿ ಆ ಹೆಸರಲ್ಲಿ ಸಿಗೋದು ಹೆಚ್ಚಾಗಿ ಅರಾಕೇರಿಯಾ, ಲಾಲ್‌ಬಾಗಿನಲ್ಲಿ ಎತ್ತರಕ್ಕೆ ನಿಂತಿದೆಯಲ್ಲ, ಅದು. ಸ್ಪ್ರೂಸ್ ಬೇರೆ.

ನಾನು ಅದನ್ನು ಕಂಡದ್ದು ಮನಾಲಿಯಲ್ಲಿ. ಅಲ್ಲಿಯವರು ‘ರೈ’ ಅಂತಾರೆ. 2,000 ಮೀಟರಿಗಿಂತ ಮೇಲಿನ ಚಳಿ ಅದಕ್ಕೆ ಬೇಕು. ಸೂಜಿಯಂಥ ಎಲೆಯನ್ನು ಬೆರಳ ನಡುವೆ ಹೊರಳಿಸಿದರೆ ನಾಲ್ಕು ಅಂಚು ಕೈಗೆ ಸಿಗುತ್ತವೆ. ಕಾಯಿ ಕೆಳಕ್ಕೆ ಜೋತಾಡುತ್ತದೆ; ಪಕ್ಕದ ಫರ್ ಮರದಲ್ಲಿ ನೆಟ್ಟಗೆ ನಿಂತಿರುತ್ತದೆ. ಗುರುತಿಗೆ ಇಷ್ಟು ಸಾಕು.

ಕಟ್ಟಿಗೆ ಹಗುರ. ರಟ್ಟಿನ ಡಬ್ಬಿ ಬರೋ ಮುಂಚೆ ಹಿಮಾಚಲದ ಸೇಬು ಇಂಥ ಹಲಗೆ ಪೆಟ್ಟಿಗೆಯಲ್ಲೇ ಊರೂರು ತಿರುಗುತ್ತಿತ್ತು. ಪಿಟೀಲಿನ ಮೇಲ್ಹಲಗೆಯೂ ಸ್ಪ್ರೂಸ್‌ನದೇ, ಯುರೋಪಿನದು.

ನಮ್ಮಲ್ಲಿ ಬ್ಯಾಸಿಗ್ಯಾಗ 40 ಡಿಗ್ರಿ ದಾಟತದ. ಬೇವು ಹಚ್ಚರಿ. ಡಿಸೆಂಬರಿನಾಗ ದೀಪದ ಸರ ಅದಕ್ಕೇ ಕಟ್ಟೋಣು.