ಸಾಮಾಜಿಕ ಜಾಲತಾಣಗಳು ಮತ್ತು ಮಕ್ಕಳು: ತಂದೆತಾಯಿಗಳ ಹೊಣೆ

ಊರ ಜಾತ್ರೆಗೆ ಮಗುವನ್ನು ಕರೆದೊಯ್ದ ತಾಯಿ ತೇರು ಹೊರಡುವ ಹೊತ್ತಿಗೆ ಅದರ ಕೈಯನ್ನು ಎಂದಿಗಿಂತ ಬಿಗಿಯಾಗಿ ಹಿಡಿದುಕೊಳ್ಳುತ್ತಾಳೆ. ಜಾತ್ರೆಯಲ್ಲಿ ಬೆಂಡು ಬತ್ತಾಸು, ಆಟಿಕೆ, ನೆಂಟರಿಷ್ಟರು ಎಲ್ಲವೂ ಉಂಟು. ಆದರೆ ಆ ಜನಜಂಗುಳಿಯಲ್ಲಿ ಯಾರು ಎಂಥವರೆಂದು ಅರಿಯುವ ಶಕ್ತಿ ಮಗುವಿಗೆ ಇನ್ನೂ ಬಂದಿರುವುದಿಲ್ಲ. ಇಂದು ಅಂಥದೇ ಒಂದು ಜಾತ್ರೆ ಮಕ್ಕಳ ಅಂಗೈಯೊಳಗಿನ ಮೊಬೈಲಿನಲ್ಲಿ ಹಗಲಿರುಳೂ ನೆರೆದಿರುತ್ತದೆ. ಅಲ್ಲಿ ಮಗುವಿನ ಕೈ ಹಿಡಿದವರು ಯಾರು ಎಂಬುದೇ ಪ್ರತಿಯೊಬ್ಬ ತಂದೆತಾಯಿಯೂ ಕೇಳಿಕೊಳ್ಳಬೇಕಾದ ಪ್ರಶ್ನೆ.

ಮುಂಬಯಿ, ಪುಣೆ, ದೆಹಲಿ, ಚೆನ್ನೈ, ಹೈದರಾಬಾದುಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಅನೇಕ ಮನೆಗಳಲ್ಲಿ ಅಜ್ಜ ಅಜ್ಜಿಯರು ಊರಿನಲ್ಲಿದ್ದಾರೆ; ತಂದೆತಾಯಿ ಇಬ್ಬರೂ ದುಡಿಯುವವರು. ಶಾಲೆಯಿಂದ ಮರಳಿದ ಮಗು ತಾನೇ ಬೀಗ ತೆರೆದು ಒಳಗೆ ಬರುತ್ತದೆ. ಸಂಜೆ ದೀಪ ಹಚ್ಚುವವರೆಗೆ ಮನೆಯಲ್ಲಿ ಅದು ಒಂಟಿ. ಕರೆ ಮಾಡಲು ಅನುಕೂಲವಾಗಲೆಂದು ಕೊಡಿಸಿದ ಮೊಬೈಲೇ ಆ ಹೊತ್ತಿನ ಸಂಗಾತಿಯಾಗುತ್ತದೆ. ಗೆಳೆಯರೊಡನೆ ಅಲ್ಲಿ ನಡೆಯುವ ಮಾತು ಹಿಂದಿ, ಇಂಗ್ಲಿಷು ಅಥವಾ ಆ ನಾಡಿನ ಭಾಷೆಯಲ್ಲಿ. ಮನೆಯ ಮಾತು ಕನ್ನಡದಲ್ಲಿ. ಹೀಗಾಗಿ ಮಗುವಿನ ಅರ್ಧ ಲೋಕ ಮನೆಯವರಿಗೆ ತಿಳಿಯದೆಯೇ ಬೆಳೆಯುತ್ತದೆ.

ಜಾಲತಾಣಗಳ ಸ್ವರೂಪ

ಜಾಲತಾಣಗಳನ್ನು ಬಳಸಲು ಹಣ ಕೊಡಬೇಕಾಗಿಲ್ಲ. ಅವುಗಳ ಮುಖ್ಯ ಆದಾಯ ಜಾಹೀರಾತಿನದು. ನೋಡುಗನು ಎಷ್ಟು ಹೆಚ್ಚು ಹೊತ್ತು ನೋಡುತ್ತಾನೋ ಆದಾಯ ಅಷ್ಟು ಹೆಚ್ಚು. ಪುಟ ಮುಗಿಯಿತೆಂಬ ಭಾವನೆಯೇ ಬಾರದಂತೆ ಕೆಳಗೆ ಸರಿಸಿದಷ್ಟೂ ಹೊಸದು ಬರುವ ವ್ಯವಸ್ಥೆಯನ್ನು 2006ರಲ್ಲಿ ಏಜಾ ರಾಸ್ಕಿನ್ ಎಂಬ ತಂತ್ರಜ್ಞರು ರೂಪಿಸಿದರು. ಫೇಸ್‌ಬುಕ್ಕಿನಲ್ಲಿ ಮೆಚ್ಚುಗೆಯನ್ನು ಎಣಿಸಿ ತೋರಿಸುವ 'ಲೈಕ್' ಗುಂಡಿ 2009ರಲ್ಲಿ ಬಂದಿತು. ದೊಡ್ಡವರೇ ಇವುಗಳ ಸೆಳೆತದಿಂದ ಬಿಡಿಸಿಕೊಳ್ಳಲಾರದೆ ಒದ್ದಾಡುತ್ತಿರುವಾಗ ಹನ್ನೆರಡರ ಮಗುವಿಗೆ ಅದು ಸುಲಭವೆಂದು ಭಾವಿಸುವುದು ನ್ಯಾಯವಲ್ಲ.

ಹದಿಮೂರು ವರ್ಷ ತುಂಬಿದರೆ ಖಾತೆ ತೆರೆಯಬಹುದೆಂಬ ನಿಯಮವನ್ನು ಕಂಡು ಅನೇಕ ಪಾಲಕರು ಅದು ವೈದ್ಯರು ನಿಗದಿಪಡಿಸಿದ ವಯಸ್ಸೆಂದು ತಿಳಿಯುತ್ತಾರೆ. ಅದರ ಮೂಲ ಬೇರೆ. ಹದಿಮೂರಕ್ಕಿಂತ ಚಿಕ್ಕವರ ಮಾಹಿತಿಯನ್ನು ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಸಂಗ್ರಹಿಸಬಾರದೆಂದು ಅಮೆರಿಕವು 1998ರಲ್ಲಿ ಮಾಡಿದ ಕಾನೂನಿನಿಂದ ಹುಟ್ಟಿದ ಎಲ್ಲೆ ಅದು. ಮಗುವಿನ ಮನಸ್ಸು ಪಕ್ವವಾಗಿದೆ ಎಂಬುದಕ್ಕೆ ಪ್ರಮಾಣಪತ್ರವಲ್ಲ. ಆಸ್ಟ್ರೇಲಿಯ ದೇಶವು 2024ರಲ್ಲಿ ಕಾಯ್ದೆ ಮಾಡಿ, ಹದಿನಾರು ತುಂಬದವರು ಪ್ರಮುಖ ಜಾಲತಾಣಗಳಲ್ಲಿ ಖಾತೆ ಹೊಂದುವುದನ್ನು 2025ರ ಡಿಸೆಂಬರಿನಿಂದ ತಡೆದಿದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯು ಹದಿನೆಂಟು ತುಂಬದವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ.

ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದವರಾದ ಡಾ. ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ 2023ರ ಮೇ ತಿಂಗಳಲ್ಲಿ ಈ ವಿಷಯವಾಗಿ ಒಂದು ಎಚ್ಚರಿಕೆಯ ಪತ್ರವನ್ನು ಹೊರಡಿಸಿದರು. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಕಾಲ ಜಾಲತಾಣಗಳಲ್ಲಿರುವ ಹದಿಹರೆಯದವರಲ್ಲಿ ಖಿನ್ನತೆ, ಆತಂಕ ಮೊದಲಾದ ಮಾನಸಿಕ ತೊಂದರೆಗಳ ಸಂಭವ ಇಮ್ಮಡಿಯಾಗಿರುವುದು ಅದರಲ್ಲಿ ಉಲ್ಲೇಖಗೊಂಡಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ತಂತ್ರಜ್ಞಾನದ ಅತಿಬಳಕೆಗೆ ಒಳಗಾದವರ ಚಿಕಿತ್ಸೆಗಾಗಿ 2014ರಲ್ಲಿಯೇ 'ಶಟ್' ಎಂಬ ಪ್ರತ್ಯೇಕ ಚಿಕಿತ್ಸಾಲಯ ಆರಂಭವಾಯಿತು.

ಅಪಾಯ ಹತ್ತಿರವಾಗುವ ಬಗೆ

ಕಾಲವ್ಯಯಕ್ಕಿಂತಲೂ ಭಯಂಕರವಾದ ಅಪಾಯ ಇನ್ನೊಂದಿದೆ. ಎಂಟನೆಯ ತರಗತಿಯ ಬಾಲಕಿಯೊಬ್ಬಳನ್ನು ಊಹಿಸಿಕೊಳ್ಳಬಹುದು. ಅವಳು ಬರೆದ ಚಿತ್ರವೊಂದನ್ನು ಅಪರಿಚಿತನೊಬ್ಬ ಮೆಚ್ಚಿ ನಾಲ್ಕು ಒಳ್ಳೆಯ ಮಾತು ಬರೆಯುತ್ತಾನೆ. ತಾನೂ ಹದಿನಾಲ್ಕರ ಹುಡುಗಿಯೆಂದು ಹೇಳಿಕೊಳ್ಳುತ್ತಾನೆ. ವಾರ ಕಳೆಯುವಷ್ಟರಲ್ಲಿ ಪರೀಕ್ಷೆಯ ಭಯ, ಮನೆಯ ಜಗಳ, ಗೆಳತಿಯರ ಮುನಿಸು ಎಲ್ಲಕ್ಕೂ ಕಿವಿಗೊಡುವವನು ಅವನೊಬ್ಬನೇ ಎಂಬಂತಾಗುತ್ತದೆ. ಆಮೇಲೆ ಮಾತು ಎಲ್ಲರೂ ಕಾಣುವ ಕಡೆಯಿಂದ ಗುಟ್ಟಿನ ಸಂದೇಶಗಳಿಗೆ ಸರಿಯುತ್ತದೆ. "ಇದನ್ನು ಮನೆಯಲ್ಲಿ ಹೇಳಬೇಡ, ಅವರಿಗೆ ಅರ್ಥವಾಗುವುದಿಲ್ಲ" ಎಂಬ ವಾಕ್ಯ ಬರುತ್ತದೆ. ಕೊನೆಗೊಂದು ಭಾವಚಿತ್ರದ ಬೇಡಿಕೆ. ಅದು ಕೈಸೇರಿದ ಮರುಗಳಿಗೆಯೇ ಬೆದರಿಕೆ. ಇನ್ನಷ್ಟು ಚಿತ್ರ ಕಳಿಸಬೇಕು, ಇಲ್ಲವೇ ಹಣ ಕೊಡಬೇಕು. ಇಲ್ಲದಿದ್ದರೆ ಶಾಲೆಯವರಿಗೂ ಬಂಧುಗಳಿಗೂ ಅದನ್ನು ತೋರಿಸಲಾಗುವುದು.

ಈ ಹಂತದಲ್ಲಿ ಬಾಲಕಿಗೆ ಇಬ್ಬರ ಭಯ: ಒಬ್ಬ ಬೆದರಿಸುತ್ತಿರುವವನು, ಇನ್ನೊಬ್ಬರು ತಂದೆತಾಯಿ. ವಂಚಕನ ಬಲವೆಲ್ಲ ಈ ಎರಡನೆಯ ಭಯದಲ್ಲಿಯೇ ಇದೆ. ಮನೆಯವರ ಮುಂದೆ ಬಾಯಿ ಬಿಡಲಾರಳೆಂಬ ಭರವಸೆಯಿಂದಲೇ ಅವನು ಮುಂದುವರಿಯುತ್ತಾನೆ. ಹುಡುಗಿಯರಿಗೆ ಮಾತ್ರ ಇಂಥದು ಒದಗುತ್ತದೆಂದು ಗಂಡುಮಕ್ಕಳ ಪಾಲಕರು ನಿಶ್ಚಿಂತರಾಗಿರಬಾರದು. ಹಣಕ್ಕಾಗಿ ನಡೆಯುವ ಇಂಥ ಬೆದರಿಕೆಗೆ ಹುಡುಗರೂ ಸಿಲುಕುತ್ತಾರೆ. ನಾಚಿಕೆಯಿಂದ ಅವರು ಇನ್ನೂ ಮೌನವಾಗಿರುತ್ತಾರೆ.

ಗಮನಿಸಬೇಕಾದ ಲಕ್ಷಣಗಳು

ಜ್ವರ ಬಂದ ಮಗುವಿನ ಮೈ ಮುಟ್ಟಿದರೆ ತಿಳಿಯುತ್ತದೆ. ಈ ಬಾಧೆ ಹಾಗೆ ತಿಳಿಯುವುದಿಲ್ಲ. ಯಾರಾದರೂ ಹತ್ತಿರ ಬಂದೊಡನೆ ಮೊಬೈಲನ್ನು ಮರೆಮಾಡುವುದು, ರಾತ್ರಿ ಬಹಳ ಹೊತ್ತಿನವರೆಗೆ ಎಚ್ಚರವಾಗಿರುವುದು, ಸಂದೇಶದ ಸದ್ದಿಗೆ ಬೆಚ್ಚುವುದು, ಊಟ ಸೇರದಿರುವುದು, ಶಾಲೆಗೆ ಹೋಗಲೊಲ್ಲೆನೆನ್ನುವುದು, ಲೆಕ್ಕಕ್ಕೆ ಸಿಗದ ಹಣ ಅಥವಾ ಉಡುಗೊರೆ ಕೈಯಲ್ಲಿ ಕಾಣುವುದು, ಮೆಚ್ಚಿನ ಆಟಪಾಟಗಳಲ್ಲಿ ಇದ್ದಕ್ಕಿದ್ದಂತೆ ಆಸಕ್ತಿ ಕುಂದುವುದು ಇವೆಲ್ಲ ಸೂಚನೆಗಳು. ಇವುಗಳಲ್ಲಿ ಒಂದು ಕಂಡಿತೆಂದು ಗಾಬರಿಯಾಗಬೇಕಾಗಿಲ್ಲ. ಹಲವು ಒಟ್ಟಿಗೆ ಕಂಡಾಗ ಮಗುವಿನೊಡನೆ ಸಮಾಧಾನದಿಂದ ಕುಳಿತು ಮಾತನಾಡಬೇಕು.

ಮುಂಜಾಗ್ರತೆಯ ಕ್ರಮಗಳು

ಖಾತೆ ತೆರೆಯುವ ವಯಸ್ಸು ಬಂದಾಗ ಪಾಲಕರು ಪಕ್ಕದಲ್ಲಿ ಕುಳಿತು ತೆರೆಸಬೇಕು. ಜನ್ಮದಿನಾಂಕವನ್ನು ನಿಜವಾಗಿಯೇ ಬರೆಸಬೇಕು. ಹನ್ನೊಂದರ ಮಗು ಹದಿನೆಂಟೆಂದು ಬರೆದರೆ ಜಾಲತಾಣವು ಅದನ್ನು ವಯಸ್ಕನೆಂದೇ ಎಣಿಸುತ್ತದೆ. ಮಕ್ಕಳಿಗೆಂದು ಇರಿಸಿದ ರಕ್ಷಣೆಗಳು ಅದಕ್ಕೆ ದೊರೆಯದೆ ಹೋಗುತ್ತವೆ. ಇನ್‌ಸ್ಟಾಗ್ರಾಂ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಹದಿಹರೆಯದವರ ಖಾತೆಗಳು ತಾವಾಗಿಯೇ ಖಾಸಗಿಯಾಗಿರುತ್ತವೆ. ಹದಿನಾರು ತುಂಬದವರು ಆ ಕಟ್ಟುಪಾಡನ್ನು ಸಡಿಲಿಸಲು ಪಾಲಕರ ಅನುಮತಿ ಬೇಕು. ಬರೆದ ವಯಸ್ಸು ಸುಳ್ಳಾದರೆ ಈ ಏರ್ಪಾಡಿನಿಂದ ಪ್ರಯೋಜನವಿಲ್ಲ.

ಖಾತೆ ಖಾಸಗಿಯಾಗಿರಲಿ. ಪರಿಚಿತರಿಗಷ್ಟೇ ಸಂದೇಶ ಕಳಿಸಲು ಅವಕಾಶವಿರಲಿ. ಇರುವ ಸ್ಥಳವನ್ನು ತಿಳಿಸುವ ಸೌಲಭ್ಯ ಮುಚ್ಚಿರಲಿ. ಪಾಸ್‌ವರ್ಡಿನ ಜೊತೆಗೆ ಎರಡನೆಯ ಹಂತದ ಭದ್ರತೆಯೂ ಇರಲಿ. ರಾತ್ರಿ ಎಲ್ಲರ ಮೊಬೈಲುಗಳೂ, ಅಪ್ಪ ಅಮ್ಮಂದಿರವೂ ಸೇರಿ, ಹಜಾರದ ಒಂದೇ ಜಾಗದಲ್ಲಿ ಚಾರ್ಜಿಗೆ ಇರಲಿ. ತಾವು ಊಟದ ತಟ್ಟೆಯ ಪಕ್ಕದಲ್ಲಿ ಮೊಬೈಲು ಇಟ್ಟುಕೊಂಡು ಮಕ್ಕಳಿಗೆ ಬುದ್ಧಿ ಹೇಳುವ ಪಾಲಕರ ಮಾತು ಗಾಳಿಗೆ ಹೋಗುತ್ತದೆ.

ಮಗುವಿಗೆ ಕಲಿಸಬೇಕಾದ ಮಾತುಗಳು ಕೆಲವೇ. ಶಾಲೆ, ವಿಳಾಸ, ಒಟಿಪಿ ಯಾರಿಗೂ ಹೇಳಬಾರದು. ಜಾಲತಾಣದಲ್ಲಿ ಮಾತ್ರ ಪರಿಚಯವಾದವರನ್ನು ಒಂಟಿಯಾಗಿ ಭೇಟಿಯಾಗಬಾರದು. ಮೈಯ ಚಿತ್ರವನ್ನು ಯಾರು ಕೇಳಿದರೂ ಕಳಿಸಬಾರದು. "ಅಮ್ಮನಿಗೆ ಹೇಳಬೇಡ" ಎಂದು ಯಾರು ಹೇಳುತ್ತಾರೋ ಅವರ ಮಾತನ್ನು ಮೊದಲು ಅಮ್ಮನಿಗೇ ಹೇಳಬೇಕು. ಇದಕ್ಕೆ ಪ್ರತಿಯಾಗಿ ತಂದೆತಾಯಿಗಳು ಒಂದು ಮಾತು ಕೊಡಬೇಕು: "ಏನೇ ತಪ್ಪು ನಡೆದಿರಲಿ, ಬಂದು ಹೇಳಿದರೆ ಹೊಡೆತವಿಲ್ಲ, ಮೊಬೈಲನ್ನು ಕಿತ್ತುಕೊಳ್ಳುವುದೂ ಇಲ್ಲ." ಈ ಮಾತು ಕೊಟ್ಟ ಮೇಲೆ ಎಷ್ಟೇ ಕೋಪ ಬಂದರೂ ಅದನ್ನು ಮುರಿಯಬಾರದು. ಒಮ್ಮೆ ಮುರಿದರೆ ಮಗು ಎರಡನೆಯ ಸಲ ಬರುವುದಿಲ್ಲ.

ಪಾಲಕರ ಕೈಯಿಂದಲೇ ಆಗುವ ತಪ್ಪು

ಊರಿನ ಬಂಧುಗಳು ನೋಡಿ ಸಂತೋಷಪಡಲೆಂದು ಮಕ್ಕಳ ಹುಟ್ಟುಹಬ್ಬ, ಬಹುಮಾನ, ಕನ್ನಡ ಸಂಘದ ವೇದಿಕೆಯ ನೃತ್ಯ ಎಲ್ಲವನ್ನೂ ಜಾಲತಾಣಗಳಲ್ಲಿ ಹಾಕುವ ಅಭ್ಯಾಸ ದೂರದ ನಗರಗಳಲ್ಲಿ ಸಹಜವಾಗಿ ಬೆಳೆದಿದೆ. ಆದರೆ ಸಮವಸ್ತ್ರದ ಮೇಲಿನ ಶಾಲೆಯ ಹೆಸರು, ಹಿಂದೆ ಕಾಣುವ ಕಟ್ಟಡದ ಫಲಕ, ಮಗುವಿನ ಹೆಸರು ಮತ್ತು ಜನ್ಮದಿನ ಇವು ಒಟ್ಟುಗೂಡಿದರೆ ಅಪರಿಚಿತನಿಗೆ ಬೇಕಾದುದೆಲ್ಲ ಸಿಕ್ಕಂತಾಯಿತು. ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಒಂದು ಸಾಮಾನ್ಯ ಚಿತ್ರದ ಮುಖವನ್ನೇ ಬಳಸಿ ಅಶ್ಲೀಲ ಚಿತ್ರವನ್ನು ಸೃಷ್ಟಿಸುವ ದುಷ್ಕೃತ್ಯವೂ ಈಗ ನಡೆಯುತ್ತಿದೆ. ಆದುದರಿಂದ ಚಿತ್ರಗಳನ್ನು ಹತ್ತಿರದ ಬಂಧುಗಳಿಗಷ್ಟೇ ಕಳಿಸುವುದು ಲೇಸು. ತಿಳಿವಳಿಕೆ ಬಂದ ಮಗುವಿನ ಚಿತ್ರವನ್ನು ಹಾಕುವ ಮೊದಲು ಅದರ ಒಪ್ಪಿಗೆ ಕೇಳುವುದು ಇನ್ನೂ ಲೇಸು. ಹಾಗೆ ಕೇಳಿಸಿಕೊಂಡ ಮಗು ಇನ್ನೊಬ್ಬರಿಗೆ 'ಬೇಡ' ಎನ್ನುವುದನ್ನೂ ಕಲಿಯುತ್ತದೆ.

ತೊಂದರೆ ಒದಗಿದಾಗ

ಮಗು ಬಂದು ಹೇಳಿದಾಗ ಮೊದಲ ಮಾತು "ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ" ಎಂದಿರಬೇಕು. ಬೆದರಿಸಿದವನಿಗೆ ಹಣ ಕೊಡಬಾರದು. ಕೊಟ್ಟರೆ ಬೇಡಿಕೆ ಬೆಳೆಯುತ್ತದೆ. ಗಾಬರಿಯಲ್ಲಿ ಸಂದೇಶಗಳನ್ನು ಅಳಿಸಬಾರದು. ಸಂಭಾಷಣೆಯ ಸ್ಕ್ರೀನ್‌ಶಾಟುಗಳನ್ನೂ ಆತನ ಖಾತೆಯ ಹೆಸರನ್ನೂ ದಿನಾಂಕವನ್ನೂ ಉಳಿಸಿಕೊಂಡು, ಅನಂತರ ಬ್ಲಾಕ್ ಮಾಡಬೇಕು. ಅಶ್ಲೀಲ ಚಿತ್ರವನ್ನು ಸಾಕ್ಷಿಗೆಂದು ಬಂಧುಮಿತ್ರರಿಗೆ ಕಳಿಸಕೂಡದು. ಹಾಗೆ ರವಾನಿಸುವುದೇ ಅಪರಾಧವಾಗುತ್ತದೆ.

ಮಕ್ಕಳ ಸಹಾಯವಾಣಿ 1098 ಮತ್ತು ಸೈಬರ್ ಅಪರಾಧದ ಸಹಾಯವಾಣಿ 1930 ದೇಶದಾದ್ಯಂತ ಬಳಕೆಯಲ್ಲಿವೆ. ಕೇಂದ್ರ ಗೃಹ ಸಚಿವಾಲಯದ ರಾಷ್ಟ್ರೀಯ ಸೈಬರ್ ಅಪರಾಧ ದೂರು ಜಾಲತಾಣದಲ್ಲಿ ಮಕ್ಕಳಿಗೆ ಸಂಬಂಧಿಸಿದ ಅಶ್ಲೀಲ ಸಾಮಗ್ರಿಯ ಬಗ್ಗೆ ಹೆಸರು ತಿಳಿಸದೆಯೂ ದೂರು ಕೊಡಬಹುದು. 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯು ಚಿತ್ರವನ್ನು ಪಡೆಯದೆಯೇ, ಅದರ ಬೆರಳಚ್ಚಿನಂಥ ಒಂದು ಸಂಕೇತವನ್ನು ಮಾತ್ರ ಪಡೆದು, ತನ್ನೊಡನೆ ಕೈಜೋಡಿಸಿದ ಜಾಲತಾಣಗಳಿಂದ ಅದನ್ನು ತೆಗೆಸಲು ನೆರವಾಗುತ್ತದೆ. ಮಗುವಿನ ಮನಸ್ಸು ಕುಗ್ಗಿದ್ದರೆ 14416 ಸಂಖ್ಯೆಯ ಟೆಲಿಮಾನಸ್ ಸೇವೆಯಲ್ಲಿ ಆಪ್ತಸಲಹೆ ದೊರೆಯುತ್ತದೆ.

ಕಾನೂನು ಮಗುವಿನ ಪಕ್ಷದಲ್ಲಿದೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಲೈಂಗಿಕ ಉದ್ದೇಶದಿಂದ ಮಗುವನ್ನು ಮತ್ತೆ ಮತ್ತೆ ಸಂಪರ್ಕಿಸುವುದೂ, ನಿಜವಾದ ಅಥವಾ ಕೃತಕವಾಗಿ ಸೃಷ್ಟಿಸಿದ ಅಂಥ ಚಿತ್ರವನ್ನು ತೋರಿಸುವುದಾಗಿ ಬೆದರಿಸುವುದೂ ಮೂರು ವರ್ಷಗಳವರೆಗೆ ಸೆರೆವಾಸಕ್ಕೆ ಗುರಿಯಾಗುವ ಅಪರಾಧಗಳು. ಮಕ್ಕಳ ಅಶ್ಲೀಲ ಚಿತ್ರಗಳನ್ನು ಹರಡಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನ ಅನ್ವಯ ಮೊದಲ ಸಲವೇ ಐದು ವರ್ಷಗಳವರೆಗೆ ಸೆರೆವಾಸ, ಹತ್ತು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ದೂರು ಕೊಟ್ಟರೆ ಮಗುವಿನ ಹೆಸರು ಬಯಲಾಗುವುದೆಂಬ ಅಂಜಿಕೆ ಬೇಡ. ಅದನ್ನು ಮಾಧ್ಯಮಗಳು ಪ್ರಕಟಿಸುವುದನ್ನು ಪೋಕ್ಸೊ ಕಾಯ್ದೆ ನಿಷೇಧಿಸಿದೆ.

ಜಾತ್ರೆಗೆ ಹೊರಡುವ ಮುನ್ನ ಹಿರಿಯರು ಮಕ್ಕಳಿಗೆ ಒಂದು ಮಾತು ಹೇಳುತ್ತಿದ್ದರು: "ಎಲ್ಲಿಯಾದರೂ ಕೈ ತಪ್ಪಿದರೆ ಗರುಡಗಂಬದ ಬಳಿ ನಿಂತಿರು, ನಾವು ಅಲ್ಲಿಗೇ ಬರುತ್ತೇವೆ." ಎಷ್ಟೇ ಎಚ್ಚರವಹಿಸಿದರೂ ಕೈ ತಪ್ಪಬಹುದೆಂದು ಅವರು ಬಲ್ಲರು. ಆದುದರಿಂದ ತಪ್ಪಿದಾಗ ಎಲ್ಲಿಗೆ ಬರಬೇಕೆಂಬುದನ್ನು ಮೊದಲೇ ತಿಳಿಸಿರುತ್ತಿದ್ದರು. ದೂರದ ನಗರದ ಎರಡು ಕೋಣೆಗಳ ಮನೆಯಲ್ಲಿ ಬೆಳೆಯುವ ಮಗುವಿಗೂ ಅಂಥದೊಂದು ಗುರುತಿನ ಜಾಗ ಬೇಕು. ಅದು ತಂದೆತಾಯಿಗಳೇ ಎಂಬುದನ್ನು, ಆಪತ್ತು ಬರುವುದಕ್ಕೆ ಮೊದಲೇ, ಮಗುವಿಗೆ ಬಾಯಿಬಿಟ್ಟು ಹೇಳಿರಬೇಕು.